ಹಿಂದಿನ ಕೋಣೆಯ ಜಿನ್ ಮತ್ತು ಒಂದು ಹಿಡಿ ಮೆಣಸು

ಆಗ ನನಗೆ ಐವತ್ತೆರಡು. ಇದು ನಡೆದು ಹತ್ತೊಂಬತ್ತು ವರ್ಷವಾಯಿತು. ಕುವೈತಿನಲ್ಲಿ ಹುಡುಗಿಯರ ಜೈಲಿನಲ್ಲಿ ನಾನು ಅಡುಗೆಯವಳಾಗಿದ್ದೆ. ಜೈಲು ಎಂದರೆ ಅಲ್ಲಿಯ ಮುಖ್ಯಸ್ಥೆಗೆ ಸಿಟ್ಟು ಬರುತ್ತಿತ್ತು. ಜೈಲು ಅನ್ನಬಾರದಂತೆ, ಮನೆ ಅನ್ನಬೇಕಂತೆ. ಆಗಲಿ, ಮನೆ. ಹೊರಗಿನಿಂದ ಬೀಗ ಹಾಕುವ ಮನೆ. ಹದಿನೆಂಟು ತುಂಬದ ಹುಡುಗಿಯರು ಏನಾದರೂ ಮಾಡಿ ಸಿಕ್ಕಿಬಿದ್ದರೆ ಕೋರ್ಟಿನವರು ಅಲ್ಲಿಗೆ ಕಳಿಸುತ್ತಿದ್ದರು. ಆ ಮುಖ್ಯಸ್ಥೆಯನ್ನು ಎಲ್ಲರೂ ಅಬ್ಲಾ ಎಂದು ಕರೆಯುತ್ತಿದ್ದರು. ಅಲ್ಲಿ ಟೀಚರಮ್ಮನಿಗೆ ಹಾಗೆ ಹೇಳುವುದು. ನಾನೂ ಅಬ್ಲಾ ಎಂದೇ ಕರೆಯುತ್ತಿದ್ದೆ. ಅವಳು ನನ್ನನ್ನು ‘ಹಿಂದಿಯಾ’ ಎನ್ನುತ್ತಿದ್ದಳು, ಅಂದರೆ ಇಂಡಿಯಾದವಳು. ನನಗೊಂದು ಹೆಸರು ಇದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲವೋ ಏನೋ.

ನಾನು ಮಲಗುತ್ತಿದ್ದದ್ದು ಮಹಬೂಲಾದಲ್ಲಿ, ಕಂಪನಿಯವರು ಕೊಟ್ಟ ಕೋಣೆಯಲ್ಲಿ. ಎರಡು ನೀರಿನ ಟ್ಯಾಂಕಿಗಳ ನಡುವೆ ಒಂದು ಸೀರೆ ಅಗಲದಷ್ಟು ಸಮುದ್ರ ಕಾಣುತ್ತಿತ್ತು. ಬೆಳಿಗ್ಗೆ ವ್ಯಾನು ಬಂದು ನಮ್ಮನ್ನು ತುಂಬಿಕೊಂಡು ಜಹ್ರಾದ ಆಚೆ ಮರಳಿನಲ್ಲಿ ಇಳಿಸುತ್ತಿತ್ತು. ನನ್ನ ಜೊತೆಗೆ ಅಲ್ಲಿ ಬಟ್ಟೆ ಒಗೆಯಲು ಒಬ್ಬಳು ಇದ್ದಳು, ಮಂಗಳೂರಿನ ಕಡೆಯ ಕೊಂಕಣಿ ಹೆಂಗಸು; ಬಾಯಿ ಎಂದೇ ಕರೆಯುತ್ತಿದ್ದೆ. ನನಗಿಂತ ಸಣ್ಣವಳು. ಒಳ್ಳೆಯವಳು, ಆದರೆ ಎಲ್ಲದಕ್ಕೂ ಹೆದರುತ್ತಿದ್ದಳು. ವಾಷಿಂಗ್ ಮಿಷನ್ ನಡುಗಿದರೂ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದಳು.

ಕೆಲಸ ಕಷ್ಟದ್ದಲ್ಲ. ಅಕ್ಕಿ, ಮಾಂಸ, ಮಸಾಲೆ ಎಲ್ಲ ಒಟ್ಟಿಗೆ ಬೇಯಿಸಿ ಒಂದು ದೊಡ್ಡ ಹರಿವಾಣಕ್ಕೆ ಸುರಿಯುವುದು. ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ, ಹರಿವಾಣದ ಸುತ್ತ ಹುಡುಗಿಯರು ಕುಳಿತು ಎಲ್ಲರೂ ಅದರಲ್ಲೇ ಕೈ ಹಾಕಿ ಉಣ್ಣುವುದು. ಅದು ಅವರ ಪದ್ಧತಿ. ಬೇರೆ ಬೇರೆ ತಟ್ಟೆ ಇಟ್ಟರೆ ಅವರಿಗೆ ಅವಮಾನ. ನನಗೆ ಬಹಳ ಹಿಡಿಸಿತು. ತೊಳೆಯಲಿಕ್ಕೆ ಒಂದೇ ಪಾತ್ರೆ! ಕಂಡುಹಿಡಿದವರಿಗೆ ಪುಣ್ಯ ಬರಲಿ.

ಹುಡುಗಿಯರಲ್ಲಿ ಒಬ್ಬಳು ಮುಖಂಡೆ. ಮಾವನ ಕಾರನ್ನು ಲೈಸೆನ್ಸ್ ಇಲ್ಲದೆ ಓಡಿಸಿ ಜ್ಯೂಸ್ ಅಂಗಡಿಯೊಳಗೆ ನುಗ್ಗಿಸಿದವಳು. ಕಾರಿನವಳು ಎಂದೇ ನಾನು ಮನಸ್ಸಿನಲ್ಲಿ ಕರೆಯುತ್ತಿದ್ದೆ. ಬೆಳ್ಳಗೆ, ದುಂಡಗೆ, ಬಾಯಿ ಮುಚ್ಚಲು ಗೊತ್ತಿಲ್ಲದ ಹುಡುಗಿ. ದಿನಕ್ಕೊಂದು ಸಲವಾದರೂ ಅಡುಗೆಮನೆಗೆ ಬಂದು ಹಸಿ ಈರುಳ್ಳಿ ಕದ್ದು ತಿನ್ನುತ್ತಿದ್ದಳು. ನನಗೆ ಅವಳ ಮೇಲೆ ಪ್ರೀತಿಯೇ ಇತ್ತು.

ಅಷ್ಟರಲ್ಲಿ ಹೊಸಬಳೊಬ್ಬಳು ಬಂದಳು. ಹದಿನಾರರ ಹುಡುಗಿ, ಉದ್ದ ಕೈಕಾಲು, ಬಣ್ಣ ನನ್ನದಕ್ಕಿಂತಲೂ ಒಂದು ಪಾಲು ಹೆಚ್ಚು ಕಪ್ಪು. ಅವಳ ಮುತ್ತಜ್ಜಿಯ ಅಮ್ಮನನ್ನೋ ಯಾರನ್ನೋ ಬಹಳ ಹಿಂದೆ ಆಫ್ರಿಕಾದ ಕಡೆಯಿಂದ ಹಡಗಿನಲ್ಲಿ ತಂದು ಮಾರಿದ್ದರಂತೆ. ಈ ಹುಡುಗಿ ಹುಟ್ಟಿದ್ದು ಬೆಳೆದದ್ದು ಎಲ್ಲ ಜಹ್ರಾದಲ್ಲೇ. ಮಾತಿನಲ್ಲಿ, ಗತ್ತಿನಲ್ಲಿ ಅವರಂತೆಯೇ. ಚರ್ಮ ಒಂದು ಬಿಟ್ಟು.

ಅವಳು ಮಾಡಿದ್ದು ಇಷ್ಟು. ಶಾಲೆಯ ಗೆಳತಿಯರ ಜೊತೆ ಬಟ್ಟೆ ಅಂಗಡಿಗೆ ಹೋಗಿದ್ದಳು. ಒಂದು ಲಿಪ್‌ಸ್ಟಿಕ್ ಕಾಣೆಯಾಯಿತು. ಅಂಗಡಿಯವನು ಬೇರೆ ಯಾರನ್ನೂ ಮುಟ್ಟದೆ ಇವಳೊಬ್ಬಳ ಚೀಲ ಹಿಡಿದ. ಚೀಲದಲ್ಲಿ ಏನೂ ಇಲ್ಲ. ಆದರೂ ಬಿಡಲಿಲ್ಲ. ಅಂಗಡಿಯಲ್ಲಿ ಬಟ್ಟೆ ತೊಡಿಸಿ ನಿಲ್ಲಿಸಿದ್ದ ಬೊಂಬೆಯ ಕೈ ಕಿತ್ತು ಇವಳು ಅವನ ತಲೆಗೆ ಕೊಟ್ಟಳು. ಹೊಲಿಗೆ ಹಾಕಬೇಕಾಯಿತಂತೆ. ಲಿಪ್‌ಸ್ಟಿಕ್ ಆಮೇಲೆ ಇನ್ನೊಬ್ಬಳ ಕಾಲುಚೀಲದಲ್ಲಿ ಸಿಕ್ಕಿತು. ಆ ಇನ್ನೊಬ್ಬಳು ಅಂದೇ ಸಂಜೆ ಅಪ್ಪನ ಕಾರಿನಲ್ಲಿ ಮನೆಗೆ ಹೋದಳು. ಇವಳು ನಮ್ಮಲ್ಲಿಗೆ ಬಂದಳು.

ಒಗೆಯುವ ಬಾಯಿ ಈ ಕಥೆ ಕೇಳಿ, “ಪಾಪ ಅಕ್ಕಾ. ಮುಖ ಎಷ್ಟು ಲಕ್ಷಣ ಉಂಟು. ಬಣ್ಣ ಒಂದು ಮಾತ್ರ...” ಎಂದಳು.

“ನಿನ್ನದು ಯಾವ ದೊಡ್ಡ ಹಾಲಿನ ಬಣ್ಣ ಮಾರಾಯ್ತಿ? ಕನ್ನಡಿ ನೋಡಿದ್ದೀಯಾ?”

“ನಾನು ಬಿಸಿಲಿಗೆ ಕಪ್ಪಾದದ್ದು.”

“ಹೌದು. ನಾನು ಚಂದ್ರನ ಬೆಳಕಿಗೆ ಕಪ್ಪಾದದ್ದು.”

ಮೊದಲ ದಿನವೇ ಹರಿವಾಣದ ಸುತ್ತ ಹುಡುಗಿಯರು ಒತ್ತೊತ್ತಾಗಿ ಕುಳಿತು ಅವಳಿಗೆ ಜಾಗ ಬಿಡಲಿಲ್ಲ. ಕಾವಲಿನವಳು ಒಂದು ಸ್ಟೀಲ್ ಬಟ್ಟಲಿನಲ್ಲಿ ಹಾಕಿ ಬಾಗಿಲ ಬಳಿ ಇಟ್ಟಳು. ನನಗೆ ಆ ಬಟ್ಟಲು ಚೆನ್ನಾಗಿ ಗೊತ್ತು. ನಮ್ಮೂರಿನಲ್ಲಿ ಧಣಿಗಳ ಅಂಗಳದಲ್ಲಿ ನನ್ನ ಅಜ್ಜಿಗೆ ಗಂಜಿ ಹೊಯ್ಯುತ್ತಿದ್ದದ್ದು ತೆಂಗಿನ ಗೆರಟೆಯಲ್ಲಿ. ಇಲ್ಲಿ ಸ್ಟೀಲು, ಅಷ್ಟೇ ವ್ಯತ್ಯಾಸ. ದೇಶ ಶ್ರೀಮಂತ ನೋಡಿ.

ಆ ಕಟ್ಟಡದ ತುದಿಯಲ್ಲಿ ಒಂದು ಕೋಣೆ ಇತ್ತು, ಹಿಂದಿನ ಕೋಣೆ ಎನ್ನುತ್ತಿದ್ದರು. ಕಿಟಕಿ ಇಲ್ಲ. ಗಲಾಟೆ ಮಾಡಿದವರನ್ನು ಒಂದು ದಿನ ಅದರಲ್ಲಿ ಒಬ್ಬಳೇ ಕೂಡಿಹಾಕುವುದು. ಹೊಡೆಯುವುದಿಲ್ಲ, ಬಯ್ಯುವುದಿಲ್ಲ, ಬರೀ ಬಾಗಿಲು ಹಾಕುವುದು. ಹುಡುಗಿಯರು ಹೊಡೆತ ತಿಂದಾರು, ಆ ಕೋಣೆ ಬೇಡ ಎನ್ನುತ್ತಿದ್ದರು. ಅಲ್ಲಿ ಜಿನ್ ಇದೆ ಎಂದು ಪುಕಾರು. ಅದರ ಕಥೆಯನ್ನು ಕಾರಿನವಳು ಒಂದು ದಿನ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಹೇಳಿದಳು. ಹೊಸ ಹುಡುಗಿ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ನನ್ನ ಅಡುಗೆಮನೆ ಅರಬಿಗೆ ಅರ್ಥವಾದಷ್ಟು ಬರೆಯುತ್ತೇನೆ.

ಎಣ್ಣೆ ಸಿಗುವುದಕ್ಕಿಂತ ಎಷ್ಟೋ ಮೊದಲು ಇಲ್ಲಿ ಒಬ್ಬ ಮುತ್ತಿನ ವ್ಯಾಪಾರಿಯ ಮನೆ ಇತ್ತಂತೆ. ಅವನಿಗೆ ಒಬ್ಬಳು ಮಗಳು. ಮಗಳ ಸೇವೆಗೆ ಅವಳದೇ ವಯಸ್ಸಿನ ಒಬ್ಬಳು ಕಪ್ಪು ದಾಸಿ. ಒಂದು ದಿನ ದೊಡ್ಡ ಮುತ್ತೊಂದು ಕಾಣೆಯಾಯಿತು. ದಾಸಿ ನುಂಗಿದ್ದಾಳೆ ಎಂದರು. ಕಿಟಕಿ ಇಲ್ಲದ ಕೋಣೆಗೆ ಹಾಕಿ, ಬರೀ ಭೇದಿಯ ಔಷಧ ಕುಡಿಸಿ, ಮುತ್ತು ಹೊರಬರಲಿ ಎಂದು ಕಾದರು. ದಿನವೂ ವ್ಯಾಪಾರಿ ಬಾಗಿಲ ಹೊರಗೆ ನಿಂತು, “ಮುತ್ತು ಸಿಕ್ಕಿತಾ?” ಎಂದು ಕೇಳುತ್ತಿದ್ದ. ಅವಳು ಸತ್ತಳು. ಮುತ್ತು ಆಮೇಲೆ ಮಗಳ ಜಡೆಯೊಳಗೆ ಸಿಕ್ಕಿತು. ಅಂದಿನಿಂದ ಎಲ್ಲಿ ಹೊರಗಿನಿಂದ ಬೀಗ ಹಾಕಿದರೂ ಒಳಗೆ ಅವಳು ಇರುತ್ತಾಳಂತೆ. ಕತ್ತಲೆಯಲ್ಲಿ ಕಿವಿಯ ಹತ್ತಿರ ಬಂದು, ತಣ್ಣಗಿನ ಉಸಿರು ಬಿಟ್ಟು, “ಮುತ್ತು ಸಿಕ್ಕಿತಾ?” ಎಂದು ಕೇಳುತ್ತಾಳೆ. ಉತ್ತರ ಕೊಟ್ಟವರ ಹೊಟ್ಟೆಯೊಳಗೆ ಕೈ ಹಾಕಿ ಹುಡುಕುತ್ತಾಳೆ.

ಸಣ್ಣ ಹುಡುಗಿಯರು ಕಿರುಚಿಕೊಂಡು ಒಬ್ಬರನ್ನೊಬ್ಬರು ಹಿಡಿದುಕೊಂಡರು. ಬಾಯಿ ಶಿಲುಬೆ ಗುರುತು ಹಾಕಿಕೊಂಡಳು. ನಾನು ಟೊಮೆಟೊ ಹೆಚ್ಚುತ್ತಿದ್ದೆ.

“ಅಲ್ಲ ಮಗಳೇ,” ಎಂದೆ, “ಮುತ್ತಿನ ವ್ಯಾಪಾರಿ ಸಮುದ್ರ ಬಿಟ್ಟು ಈ ಮರಳಿನಲ್ಲಿ ಯಾಕೆ ಮನೆ ಕಟ್ಟಿದ?”

“ಖಾಲಾ, ಕಥೆ ಹಾಳು ಮಾಡಬೇಡ!” ಖಾಲಾ ಎಂದರೆ ಚಿಕ್ಕಮ್ಮ.

“ಆಯಿತು, ಕಟ್ಟಿದ. ಬೀಗ ಹಾಕಿದವನು ಅವನು. ಮುತ್ತು ಜಡೆಯಲ್ಲಿ ಇಟ್ಟವಳು ಅವನ ಮಗಳು. ನೀವು ಅವರಿಗೆ ಹೆದರುವುದು ಬಿಟ್ಟು ಸತ್ತವಳಿಗೆ ಯಾಕೆ ಹೆದರುವುದು?”

“ಅವಳು ಜಿನ್ ಆದಳಲ್ಲ!”

ನಮ್ಮ ತುಳುನಾಡಿನಲ್ಲಿ ಹೀಗಲ್ಲ. ಅನ್ಯಾಯವಾಗಿ ಸತ್ತವರು ನಮ್ಮಲ್ಲಿ ದೈವವಾಗುತ್ತಾರೆ. ವರ್ಷಕ್ಕೊಮ್ಮೆ ಅವರ ಮುಂದೆ ಧಣಿಯೇ ಕೈ ಮುಗಿದು ನಿಂತು ತಪ್ಪಾಯಿತು ಅನ್ನಬೇಕು. ಇಲ್ಲಿ ಸತ್ತವಳಿಗೇ ಕೆಟ್ಟ ಹೆಸರು. ಇದನ್ನೆಲ್ಲ ಹೇಳುವಷ್ಟು ಅರಬಿ ನನಗೆ ಬರುತ್ತಿರಲಿಲ್ಲ. ಟೊಮೆಟೊ ಹೆಚ್ಚಿದೆ.

ಕಥೆಗೆ ಕಾಲು ಬಂತು. ಹೊಸ ಹುಡುಗಿಯ ಬಣ್ಣ ನೋಡಿ, ಜಿನ್ ಇವಳೊಳಗೆ ಸೇರಿದೆ ಎಂದು ಒಬ್ಬಳು ಶುರುಮಾಡಿದಳು. ಉಳಿದವರು ಹಿಡಿದುಕೊಂಡರು. ಅವಳು ದಾಟಿ ಹೋದಾಗಲೆಲ್ಲ ಹಿಂದಿನಿಂದ, “ಮುತ್ತು ಸಿಕ್ಕಿತಾ?” ಒಂದು ದಿನ ಅವಳು ತಿರುಗಿ ಹರಿವಾಣವನ್ನೇ ಎತ್ತಿ ಮಗುಚಿದಳು. ಅಷ್ಟೂ ಅನ್ನ ನೆಲದ ಮೇಲೆ. ಅಬ್ಲಾ ಬಂದಳು. ಕೇಳಿದವರನ್ನು ಬಿಟ್ಟು ಮಗುಚಿದವಳನ್ನು ಹಿಂದಿನ ಕೋಣೆಗೆ ಹಾಕಿಸಿದಳು. ಒಳಗಿನಿಂದ ಒಂದಷ್ಟು ಹೊತ್ತು ಬಾಗಿಲು ಬಡಿಯುವ ಶಬ್ದ, ಆಮೇಲೆ ಏನೂ ಇಲ್ಲ.

ಹೊರಗೆ ಬಂದ ಮೇಲೆ ಹುಡುಗಿ ಊಟ ಬಿಟ್ಟಳು. ನಾನು ಅಡುಗೆಮನೆಗೆ ಕರೆದು ಕೂರಿಸಿದೆ.

“ಏನು ಕಂಡೆ ಅಲ್ಲಿ? ಆ ಜಿನ್ ಬಂತಾ?”

“ಯಾರೂ ಬರಲಿಲ್ಲ ಖಾಲಾ. ಯಾರಾದರೂ ಬರಲಿ ಅಂತ ಕಾದೆ. ಅದೂ ಬರಲಿಲ್ಲ.”

ನನಗೆ ಕಾರಿನವಳ ಇಡೀ ಕಥೆಗಿಂತ ಇದಕ್ಕೆ ಮೈ ಜುಮ್ಮೆಂದಿತು. ಚಾ ಮಾಡಿ ಕೊಟ್ಟೆ. ಕುಡಿಯಲಿಲ್ಲ.

ಇದೇ ಸಮಯದಲ್ಲಿ ಕೋರ್ಟಿನ ಹೆಂಗಸು ಬರುವ ದಿನವೂ ಬಂತು. ವಯಸ್ಸಾದ ಹೆಂಗಸು. ಆಗಾಗ ಬಂದು ಹುಡುಗಿಯರನ್ನು ನೋಡಿ, ಅಬ್ಲಾಳನ್ನು ಕೇಳಿ, ಯಾರು ಮನೆಗೆ, ಯಾರು ಇನ್ನೂ ಇಲ್ಲೇ ಎಂದು ಹೇಳುವವಳು ಅವಳೇ. ಕಪ್ಪು ಹುಡುಗಿಗೆ ಅಪ್ಪ ಅಮ್ಮ ಇಲ್ಲ. ಜಹ್ರಾದಲ್ಲಿ ಅಜ್ಜಿ ಒಬ್ಬಳು. ಭೇಟಿಯ ದಿನ ಬಂದು ಮೊಮ್ಮಗಳು ಯಾವಾಗ ಬರುತ್ತಾಳೆ ಎಂದು ಗೋಡೆಯನ್ನೂ ಬಿಡದೆ ಕೇಳುತ್ತಿದ್ದಳು. ಅಬ್ಲಾ ಮಾತ್ರ ಕಾವಲಿನವಳಿಗೆ ಹೇಳುವುದನ್ನು ನಾನೇ ಕೇಳಿದೆ: “ಇವಳು ಯಾರ ಜೊತೆಗೂ ಸೇರುವುದಿಲ್ಲ, ಉಣ್ಣುವುದಿಲ್ಲ, ತಲೆ ಸರಿ ಇಲ್ಲ. ಮನೆಗೆ ಕಳಿಸುವುದು ಬೇಡ ಅಂತಲೇ ಹೇಳುತ್ತೇನೆ. ಹದಿನೆಂಟು ಆಗುವ ತನಕ ಇರಲಿ.”

ಎರಡು ವರ್ಷ! ಒಂದು ಬೊಂಬೆಯ ಕೈಗೆ!

ಈಗ ನನ್ನ ಬುದ್ಧಿ ಕೇಳಿ. ಕೋರ್ಟಿನವಳು ಬರುವಾಗ ಹುಡುಗಿ ಉಣ್ಣುತ್ತಿರಬೇಕು. ಉಣ್ಣಬೇಕಾದರೆ ಹೊಟ್ಟೆ ಒಪ್ಪಬೇಕು. ಇಷ್ಟು ಜನರ ಕಣ್ಣು ಬಿದ್ದರೆ ಹೊಟ್ಟೆ ಹೇಗೆ ಒಪ್ಪುತ್ತದೆ? ನನಗೆ ದೃಷ್ಟಿಯಲ್ಲಿ ನಂಬಿಕೆ ಇದೆ. ಜ್ವರ ಬಂದರೆ ಮಾತ್ರೆ, ಊಟ ಬಿಟ್ಟರೆ ಮೆಣಸು. ನನ್ನ ಮಕ್ಕಳನ್ನೆಲ್ಲ ಹಾಗೆಯೇ ಸಾಕಿದ್ದು.

ಉಪ್ಪು, ಸಾಸಿವೆ, ಒಂದು ಹಿಡಿ ಒಣಮೆಣಸು. ಹಿಡಿಸೂಡಿಯ ಕಡ್ಡಿ ಸಿಗಲಿಲ್ಲ, ಅಲ್ಲಿಯದು ಪ್ಲಾಸ್ಟಿಕ್ ಪೊರಕೆ. ಹುಡುಗಿಯನ್ನು ಅಡುಗೆಮನೆಯ ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿದೆ. ಕೆಂಡ ಬೇಕಲ್ಲ? ಅತಿಥಿ ಬರುವ ದಿನ ಅಬ್ಲಾ ಬಾಗಿಲಲ್ಲಿ ಧೂಪ ಹಾಕಿಸುತ್ತಿದ್ದಳು. ಕೆಂಡ ತುಂಬಿದ ಧೂಪದಾನಿ ಹೊರಗೆ ತಯಾರಾಗಿತ್ತು. ಎತ್ತಿಕೊಂಡು ಬಂದೆ.

ಬಾಯಿ ಬಟ್ಟೆಯ ಗಂಟು ಹೊತ್ತುಕೊಂಡು ಬಂದವಳು ನಿಂತಲ್ಲೇ ನಿಂತಳು. “ಅಕ್ಕಾ, ನಿಮಗೆ ಮರ್ಲಾ ಎಂತ? ಇವರು ಮಾಟ ಅಂತಾರೆ! ಮಾಟಕ್ಕೆ ಇಲ್ಲಿ ಜೈಲು ಉಂಟು!”

“ಜೈಲಿನಲ್ಲೇ ಇದ್ದೇವಲ್ಲ. ವ್ಯಾನಿನ ಖರ್ಚು ಉಳಿಯಿತು.”

ಮೂರು ಸುತ್ತು ನಿವಾಳಿಸಿದೆ. ಬಂದವರ ಕಣ್ಣು, ಹೋದವರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಬೆಳ್ಳಗಿನವರ ಕಣ್ಣು ಎಂದು ಹೇಳಿದೆ. ಕೊನೆಯದು ನಾನೇ ಸೇರಿಸಿದ್ದು. ಥೂ ಥೂ ಎಂದು ಉಗುಳಿಸಿದೆ. ಹುಡುಗಿ ಕಣ್ಣು ಪಿಳಿಪಿಳಿ ಮಾಡಿಕೊಂಡು ಎಲ್ಲಕ್ಕೂ ಕುಳಿತಳು. ಮೆಣಸನ್ನು ಕೆಂಡಕ್ಕೆ ಹಾಕಿದೆ.

ಊರಿನಲ್ಲಿ ಇದನ್ನು ಅಂಗಳದಲ್ಲಿ ಮಾಡುತ್ತೇವೆ. ಹೊಗೆ ತನ್ನ ಪಾಡಿಗೆ ತೆಂಗಿನಮರದ ಮೇಲೆ ಹೋಗುತ್ತದೆ. ಇಲ್ಲಿ ತೆರೆಯುವ ಕಿಟಕಿಯೇ ಇಲ್ಲ, ತಲೆಯ ಮೇಲೆ ಏಸಿಯ ದೊಡ್ಡ ಕೊಳವೆ. ಅದು ಅಡುಗೆಮನೆಯ ಗಾಳಿ ಎಳೆದು ಇಡೀ ಕಟ್ಟಡಕ್ಕೆ ಹಂಚುತ್ತದೆ ಎಂದು ನನಗೆ ಯಾರು ಹೇಳಿದ್ದರು? ಅದಕ್ಕೆ ನನ್ನ ಮೆಣಸು ಸಿಕ್ಕಿತು.

ಮೊದಲು ನಾವು ಮೂವರು ಕೆಮ್ಮಿದೆವು. ಆಮೇಲೆ ಪಕ್ಕದ ಕೋಣೆ. ಆಮೇಲೆ ಒಂದೊಂದೇ ಕೋಣೆಯಾಗಿ ಕೆಮ್ಮು ಕಟ್ಟಡದ ತುದಿಗೆ ಹೋಗಿ ಅಬ್ಲಾಳ ಆಫೀಸು ಸೇರಿತು. ಕಾವಲಿನವರು ಬೆಂಕಿ ಎಂದು ತಿಳಿದು ಎಲ್ಲ ಬೀಗಗಳನ್ನೂ ತೆಗೆದರು. ಹಿಂದಿನ ಕೋಣೆಯ ಬೀಗವನ್ನೂ. ಅಬ್ಲಾ ಮುಖಕ್ಕೆ ಟಿಶ್ಯೂ ಒತ್ತಿಕೊಂಡು ಹೊರಗೆ ಓಡಿಬಂದಳು, ಕಣ್ಣಿನ ಕಪ್ಪು ಕೆನ್ನೆಯವರೆಗೆ ಇಳಿದಿತ್ತು. “ಹಿಂದಿಯಾ! ಹಿಂ...” ಎಂದು ಶುರುಮಾಡಿದಳು, ಕೆಮ್ಮು ಮುಗಿಸಲು ಬಿಡಲಿಲ್ಲ.

ಎಲ್ಲರೂ ಅಂಗಳದಲ್ಲಿ, ತಗಡಿನ ಮಾಡಿನ ಅಡಿಯಲ್ಲಿ. ಮೂಗು ಸೀನುವುದು, ಕಣ್ಣು ಒರೆಸುವುದು. ಊಟದ ಹೊತ್ತು ಆಗಿತ್ತು. ಒಳಗೆ ಹೋಗುವ ಹಾಗಿಲ್ಲ. ನಾನು ಸೆರಗು ಮೂಗಿಗೆ ಕಟ್ಟಿಕೊಂಡು ಹೋಗಿ, ಬಾಯಿಯ ಜೊತೆ ಹರಿವಾಣವನ್ನು ಹೊರಗೆ ಎತ್ತಿ ತಂದೆ. ಸ್ಟೀಲ್ ಬಟ್ಟಲು ತರಲಿಲ್ಲ. ಎರಡು ಕೈ ಮಾತ್ರ ಇರುವುದು.

ಕಾರಿನವಳು ಕೆಂಪು ಕಣ್ಣಿನಿಂದ ನನ್ನನ್ನು ಹಿಡಿದಳು. “ಖಾಲಾ, ಸಿಹರ್ ಮಾಡಿದೆಯಾ? ಮಾಟವಾ? ಜಿನ್ ಬಿಡಿಸಿದೆಯಾ?”

“ಮಾಟ ಅಲ್ಲ. ಕಣ್ಣು ತೆಗೆದದ್ದು. ನಿಮ್ಮಲ್ಲಿ ಕಣ್ಣು ಬೀಳುವುದಿಲ್ಲವಾ?”

“ಬೀಳುತ್ತದೆ. ಅಜ್ಜಿ ಪಟಿಕ ಸುಡುತ್ತಾಳೆ.”

“ಹಾಂ. ನಮ್ಮಲ್ಲಿ ಮೆಣಸು. ಈಗ ಲೆಕ್ಕ ಕೇಳು. ಮೈಮೇಲೆ ಏನಾದರೂ ಇದ್ದರೆ, ಕಣ್ಣೋ, ಭೂತವೋ, ನಿನ್ನ ಆ ಜಿನ್ನೋ, ಅದು ಮೆಣಸಿನ ಘಾಟನ್ನೆಲ್ಲ ತಿಂದುಬಿಡುತ್ತದೆ. ಒಂದು ಕೆಮ್ಮೂ ಬರುವುದಿಲ್ಲ. ಘಾಟು ಬಂದರೆ ಏನೂ ಇಲ್ಲ ಅಂತ. ನೀನು ಕೆಮ್ಮಿದೆಯಾ?”

“ಸತ್ತೇ ಹೋಗುತ್ತಿದ್ದೆ!”

“ಇವರೆಲ್ಲ?”

ಕಾರಿನವಳು ಜಡ್ಜಿಯಂತೆ ಸುತ್ತ ನೋಡಿದಳು. “ಅಬ್ಲಾ ಕೂಡ,” ಎಂದಳು. ಹೊಸ ಹುಡುಗಿಯ ಕಡೆ ಬೆರಳು ತೋರಿಸಿದಳು. “ಇವಳೂ ಕೆಮ್ಮಿದಳು. ಹಾಗಾದರೆ ಇವಳ ಮೇಲೆ ಏನೂ ಇಲ್ಲ?”

“ಹಸಿವು ಉಂಟು.”

ಎಲ್ಲರೂ ಮೂಗು ಎಳೆದುಕೊಂಡರು. ಇದು ಸುಳ್ಳು ಎಂದು ಅವರಿಗೆ ಅನಿಸಲೇ ಇಲ್ಲ. ನಾನು ಸುಳ್ಳು ಹೇಳಿಯೂ ಇರಲಿಲ್ಲ, ನಮ್ಮಲ್ಲಿ ಲೆಕ್ಕ ಹಾಗೆಯೇ. ಕಾರಿನವಳು ಪಕ್ಕಕ್ಕೆ ಸರಿದು ನೆಲವನ್ನು ಅಂಗೈಯಿಂದ ತಟ್ಟಿದಳು. “ಬಾ, ಕೂತುಕೋ. ಅನ್ನ ಆರುತ್ತದೆ. ಆ ಬೊಂಬೆಯ ಕೈ ಎಷ್ಟು ಉದ್ದ ಇತ್ತು ಹೇಳು.”

ಹುಡುಗಿ ಬಂದು ಕುಳಿತಳು. ಹರಿವಾಣಕ್ಕೆ ಕೈ ಹಾಕಿದಳು. ಮೊದಲು ಎರಡು ಅಗುಳು, ಆಮೇಲೆ ಮಾಂಸದ ದೊಡ್ಡ ತುಂಡೇ ಎಳೆದಳು. ನಾನು ಆಚೆ ನೋಡಿದೆ. ಉಣ್ಣುವವರನ್ನು ನೋಡುತ್ತಾ ನಿಂತರೆ ಮತ್ತೆ ಕಣ್ಣು, ಮತ್ತೆ ಮೆಣಸು.

ಒಂದಷ್ಟು ತಿಂದ ಮೇಲೆ ಹುಡುಗಿ ಕಾರಿನವಳ ಕಿವಿಯ ಹತ್ತಿರ ಬಾಗಿದಳು. ಮೆತ್ತಗೆ, ತಣ್ಣಗಿನ ಉಸಿರು ಬಿಟ್ಟು, “ಮುತ್ತು ಸಿಕ್ಕಿತಾ?” ಎಂದಳು.

ಕಾರಿನವಳು ಬಾಯಿತುಂಬ ಅನ್ನ ಇಟ್ಟುಕೊಂಡು ಕೂಗಿದ ಕೂಗಿಗೆ ತಗಡಿನ ಮೇಲಿದ್ದ ಪಾರಿವಾಳಗಳು ಹಾರಿದವು. ಆಮೇಲೆ ನಗು. ಮೆಣಸಿನ ಕಣ್ಣೀರಿನ ಮೇಲೆ ನಗುವಿನ ಕಣ್ಣೀರು. ಒಬ್ಬರ ಭುಜಕ್ಕೆ ಒಬ್ಬರು ಬಿದ್ದು ಕೆಮ್ಮುತ್ತಾ, ನಗುತ್ತಾ, ಮೂಗು ಸುರಿಸುತ್ತಾ ಇದ್ದಾಗ ಗೇಟು ತೆರೆದು ಕೋರ್ಟಿನ ಹೆಂಗಸು ಒಳಗೆ ಬಂದಳು.

ಅವಳು ನಿಂತು ನೋಡಿದಳು. ಒಂದೇ ಹರಿವಾಣ. ಸುತ್ತ ಎಲ್ಲ ಹುಡುಗಿಯರು. ನಡುವೆ ಕಪ್ಪು ಹುಡುಗಿ. ಎಲ್ಲರ ಕಣ್ಣಿನಲ್ಲೂ ನೀರು.

“ಏನಾಯಿತು ಮಕ್ಕಳೇ? ಯಾಕೆ ಅಳುತ್ತೀರಿ?”

ಅಬ್ಲಾ ಬಾಯಿ ತೆರೆದಳು, ಕೆಮ್ಮು ಬಂತು. ಕಾರಿನವಳು ಅಷ್ಟರಲ್ಲಿ ಎದ್ದು ನಿಂತಿದ್ದಳು. ಬಾಯಿ ಒರೆಸಿಕೊಂಡು, ಒಂದು ರೆಪ್ಪೆಯೂ ಅಲುಗಿಸದೆ ಹೇಳಿದಳು: “ಇವಳು ಇವತ್ತು ಮನೆಗೆ ಹೋಗುತ್ತಾಳಲ್ಲ ಖಾಲಾ. ಅದಕ್ಕೆ.”

ಆ ಹುಡುಗಿ ಕಾರು ಓಡಿಸಲು ಲಾಯಕ್ಕಲ್ಲ ಇರಬಹುದು. ಬೇರೆ ಎಲ್ಲದಕ್ಕೂ ಲಾಯಕ್ಕು.

ಕೋರ್ಟಿನವಳ ಮುಖ ಮೆತ್ತಗಾಯಿತು. ಅಬ್ಲಾಳ ಕಡೆ ತಿರುಗಿದಳು. ಅವಳ ಕೆನ್ನೆಯ ಮೇಲೆ ಕಪ್ಪು ನೀರು, ಕೈಯಲ್ಲಿ ಒದ್ದೆ ಟಿಶ್ಯೂ. “ಅಯ್ಯೋ, ನೀನೂ ಇಷ್ಟು ಹಚ್ಚಿಕೊಂಡಿದ್ದೀಯಾ!” ಎಂದು ಬೆನ್ನು ಸವರಿದಳು. ಅಬ್ಲಾ ಏನು ಹೇಳಿಯಾಳು? ಅಲ್ಲ ಎಂದರೆ ಮೆಣಸಿನ ಕಥೆ ಹೇಳಬೇಕು, ತನ್ನದೇ ಧೂಪದಾನಿಯ ಕಥೆ ಹೇಳಬೇಕು, ಬಾಗಿಲು ಹಾರುಹೊಡೆದುಕೊಂಡಿದ್ದ ಹಿಂದಿನ ಕೋಣೆ ಏನಕ್ಕೆ ಎಂದೂ ಹೇಳಬೇಕು. ತಲೆ ಆಡಿಸಿದಳು. ಇಬ್ಬರೂ ಆಫೀಸಿಗೆ ಹೋದರು. ಹೊರಗೆ ಬಂದಾಗ ಕಾವಲಿನವಳಿಗೆ ಹೇಳಿದರು: ಅಜ್ಜಿಗೆ ಫೋನ್ ಮಾಡು, ಸಂಜೆ ಬಂದು ಕರೆದುಕೊಂಡು ಹೋಗಲಿ.

ಅಜ್ಜಿ ಸಂಜೆಯವರೆಗೆ ಕಾಯಲಿಲ್ಲ. ಬಿಸಿಲಿನಲ್ಲೇ ಬಂದಳು. ಮೊಮ್ಮಗಳನ್ನು ಅಪ್ಪಿಕೊಂಡವಳು ತಟ್ಟನೆ ತಲೆ ಮೂಸಿ, “ಯಾ ಅಲ್ಲಾ, ಇವಳಿಗೆ ಒಗ್ಗರಣೆ ಹಾಕಿದ್ದೀರಾ?” ಎನ್ನುವಂಥದ್ದೇನೋ ಹೇಳಿ ಸೀನಿದಳು. ಹುಡುಗಿ ಗೇಟಿನವರೆಗೆ ನಡೆದಳು, ಅಲ್ಲಿಂದ ಆಚೆ ಓಡಿದಳು. ತಿರುಗಿ ನೋಡಲಿಲ್ಲ. ಸರಿಯಾಯಿತು. ನೋಡುವಂಥದ್ದು ಅಲ್ಲಿ ಏನಿತ್ತು?

ಪಾತ್ರೆ ತೊಳೆದು ಮುಗಿಸುವಾಗ ಅಬ್ಲಾ ಅಡುಗೆಮನೆಯ ಬಾಗಿಲಿಗೆ ಬಂದಳು. ಕಣ್ಣು ಇನ್ನೂ ಕೆಂಪಗಿತ್ತು.

“ಹಿಂದಿಯಾ, ಪೊಲೀಸರಿಗೆ ಹೇಳಬಹುದಿತ್ತು. ಗೊತ್ತಾ?”

“ಗೊತ್ತು ಅಬ್ಲಾ.”

“ನಾಳೆ ಬರಬೇಡ. ಖಲಾಸ್.”

“ಖಲಾಸ್ ಎಂದರೆ ಖಲಾಸ್. ರಾತ್ರಿಯ ಬೇಳೆ ಒಲೆಯ ಮೇಲೆ ಉಂಟು, ತಳ ಹಿಡಿಯದ ಹಾಗೆ ನೋಡಿಕೊಳ್ಳಿ.”

ವ್ಯಾನಿನಲ್ಲಿ ಬಾಯಿ ನನ್ನ ಕೈ ಹಿಡಿದು ಮಹಬೂಲಾ ಬರುವವರೆಗೆ ಅತ್ತಳು. ಅರ್ಧ ಮೆಣಸಿನದು, ಅರ್ಧ ನಿಜದ್ದು ಇರಬೇಕು. ನಾನು ನಿದ್ದೆ ಮಾಡಿದೆ.

ಮರುದಿನ ಬೆಳಿಗ್ಗೆ ಕಂಪನಿಯವನು ನನ್ನನ್ನು ಸುಲೈಬಿಯಾದ ತರಕಾರಿ ಗೋದಾಮಿಗೆ ಕಳಿಸಿದ. ಬಟಾಟೆ ರಾಶಿಯ ಮುಂದೆ ಕುಳಿತು, ಕೊಳೆತದ್ದು ಆಚೆ, ಒಳ್ಳೆಯದು ಈಚೆ ಎಂದು ಮಧ್ಯಾಹ್ನದವರೆಗೆ ಆರಿಸಿದೆ.